ಹಳೇ ಪುಡಿ, ಹೊಸ ತಾರೀಕು

ಸಿರುಗುಪ್ಪ
9 ಜೂನ್ 2025

ಅವ್ವ,

ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ನಮ್ಮ ಘಟಕದಲ್ಲಿ ಈಗ ಬೆಳಿಗ್ಗೆ ಗೇಟಿನಲ್ಲಿ ಫೋನ್ ಕೊಡಬೇಕು. ಸಂಜೆ ವಾಪಸ್ ಪಡೆಯುವಾಗ ಮ್ಯಾನೇಜರ್ ಮಾರೇಶ್ ಎದುರು ಅದನ್ನು ತೆರೆದು ತೋರಿಸಬೇಕು. ಯಾರಿಗೆ ಏನು ಕಳಿಸಿದ್ದೇವೆ, ಯಾವ ಫೋಟೋ ತೆಗೆದಿದ್ದೇವೆ, ಎಲ್ಲ ನೋಡುತ್ತಾನೆ. ಮನೆಗೆ ಬಂದು ಮಾತಾಡೋಣವೆಂದರೆ ನಾನು ಇಳಿದುಕೊಂಡಿರುವ ಜಂಬಮ್ಮ ಅತ್ತೆಯ ಮನೆ ಒಂದೇ ಕೋಣೆ. ಮಾವ ಇದೇ ಘಟಕದ ಲಾರಿ ಓಡಿಸುವವರು. ಅದಕ್ಕೇ ಈ ಕಾಗದ.

ನನ್ನನ್ನು ಪ್ಯಾಕಿಂಗ್‌ನಿಂದ ತೆಗೆದು ಹಿಂದಿನ ಶೆಡ್ಡಿಗೆ ಹಾಕಿದ್ದಾರೆ. ಕೈ ಚುರುಕು ಎಂದು ಹೊಗಳಿ ಕಳಿಸಿದರು, ನಾನೂ ಉಬ್ಬಿಹೋದೆ. ಅಂಗನವಾಡಿಗಳಿಗೆ ಹೋಗುವ ಪೌಷ್ಟಿಕ ಪುಡಿಯ ಹಳೆಯ ಪಾಕೀಟುಗಳು, ತಾರೀಕು ಮುಗಿದು ತಿಂಗಳುಗಳಾದಂಥವು, ಗೋಡೆಯ ತನಕ ಒಟ್ಟಿದ್ದಾರೆ. ಅವನ್ನು ಕತ್ತರಿಸಿ ತಾಡಪತ್ರಿಯ ಮೇಲೆ ಸುರಿದು ಬಿಸಿಲಿಗೆ ಹರವುತ್ತೇವೆ. ಹುಳ ಎದ್ದು ಹರಿದಾಡುತ್ತವೆ. ಜರಡಿ ಹಿಡಿದು, ಮುಗ್ಗು ವಾಸನೆ ಹೋಗುವಂತೆ ಒಂದು ಸಲ ಹುರಿದು, ಹೊಸ ಪುಡಿಯಲ್ಲಿ ಬೆರೆಸಿ, ಹೊಸ ಪಾಕೀಟಿಗೆ ತುಂಬಿ ಇವತ್ತಿನ ತಾರೀಕು ಒತ್ತುತ್ತಾರೆ.

ಹೊಸ ಪಾಕೀಟಿನ ಚೀಲಗಳ ಮೇಲೆ ಊರುಗಳ ಹೆಸರಿರುತ್ತದೆ. ನಿನ್ನೆ ನಾನೇ ಹೊಲಿದ ಚೀಲದ ಮೇಲೆ ಕುರುಗೋಡು ಎಂದಿತ್ತು. ಅವ್ವ, ನೀನು ಮಕ್ಕಳಿಗೆ ಕೈಯಾರೆ ಉಂಡೆ ಕಟ್ಟಿಕೊಡುವ ಪುಡಿ ಅದು.

ಏನು ಮಾಡಲಿ ಹೇಳು.

ನಿನ್ನ ಮಗಳು
ಅನಿತಾ


ಕುರುಗೋಡು
16 ಜೂನ್ 2025

ನನ್ನ ಅನಿತಾಗೆ ಅವ್ವನ ಆಶೀರ್ವಾದ.

ನಿನ್ನ ಕಾಗದ ಅಂಗನವಾಡಿಗೇ ಬಂತು. ಮಕ್ಕಳು ಪೋಸ್ಟ್‌ಮನ್ ಸುತ್ತ ಕುಣಿದವು. ಅಲ್ಲೇ ಬಾಗಿಲಲ್ಲಿ ನಿಂತು ಓದಿದೆ, ಓದಿ ಅಲ್ಲೇ ಕೂತೆ.

ಒಳಗೆ ಹೋಗಿ ಹೊಸ ಚೀಲದ ಒಂದು ಪಾಕೀಟು ಒಡೆದೆ. ಮೇಲೆ ಘಮಘಮ, ತಳದಲ್ಲಿ ಮುಗ್ಗು. ಅಂಗೈಯಲ್ಲಿ ಉಜ್ಜಿದರೆ ಜೇಡರ ಬಲೆಯಂಥ ಎಳೆ ಎಳೆ. ಹೋದ ತಿಂಗಳು ಮಕ್ಕಳಿಗೆ ವಾಂತಿ ಭೇದಿ ಆದಾಗ ಮಾವಿನಹಣ್ಣು ಜಾಸ್ತಿ ತಿಂದಿದ್ದಾವೆ ಎಂದು ತಾಯಂದಿರಿಗೆ ನಾನೇ ಬೈದಿದ್ದೆ. ಈಗ ಅವರ ಮುಖ ಹೇಗೆ ನೋಡಲಿ.

ನಮ್ಮ ಟೀಚರ್ ಕೊಟ್ರಬಸಮ್ಮನವರಿಗೆ ತೋರಿಸಿದೆ. "ಊರಮ್ಮಾ, ತಾರೀಕು ಹೊಸದ ಐತಿ, ಸುಮ್ನ ಇರು. ಮ್ಯಾಲಿನೋರು ಕಳ್ಸಿದ್ದು ನಾವು ಹಾಕೋದು, ಅಷ್ಟ" ಎಂದರು. ಪಾಪ, ಅವರಿಗೂ ಹೆದರಿಕೆ. ನಾನು ಆ ಪುಡಿ ಮುಟ್ಟಿಲ್ಲ. ಮನೆಯಿಂದ ಶೇಂಗಾ ಬೆಲ್ಲ ಒಯ್ದು ಉಂಡೆ ಕಟ್ಟುತ್ತಿದ್ದೇನೆ. ಎಷ್ಟು ದಿನ ನಡೆಯುತ್ತದೋ ನಡೆಯಲಿ.

ಏನು ಮಾಡಲಿ ಎಂದು ಕೇಳುತ್ತೀಯಲ್ಲ, ನಿನ್ನನ್ನು ಡಿಗ್ರಿ ಓದಿಸಿದ್ದು ಚೀಲ ಹೊಲಿಯಲಿಕ್ಕಾ? ಬರೆದು ಹಾಕು. ಯಾರಿಗೆ ಬರೆಯಬೇಕೋ ಅವರಿಗೆ ಬರೆ. ನಾನಿದ್ದೀನಿ.

ನಿನ್ನವ್ವ
ಊರಮ್ಮ


ಸಿರುಗುಪ್ಪ
2 ಜುಲೈ 2025

ಅವ್ವ,

ಬರೆದೆ. ಮಕ್ಕಳ ಆಹಾರದ ದೂರು ನೋಡುವ ಬಳ್ಳಾರಿಯ ಸರ್ಕಾರಿ ಕಚೇರಿಗೆ ರಿಜಿಸ್ಟರ್ ಮಾಡಿ ಕಳಿಸಿದೆ. ಹೆಸರಿಲ್ಲದ ದೂರನ್ನು ಕಸದ ಬುಟ್ಟಿಗೆ ಹಾಕುತ್ತಾರಂತೆ, ಅದಕ್ಕೆ ನನ್ನ ಹೆಸರನ್ನೇ ಹಾಕಿದೆ. ಹಾಕುವ ಮೊದಲು ಅಂಗಡಿಯವರ ಫೋನಿನಿಂದ ಮಾತಾಡಿ ಕೇಳಿದ್ದೆ. "ಹೆಸರು ಗುಟ್ಟಾಗಿ ಇಡ್ತೀವಿ, ಏನೂ ಅಂಜಬ್ಯಾಡ್ರಿ. ನಮ್ಮ ಸಾಹೇಬ್ರ ಬಂದು ಹೇಳಿಕಿ ತಗೋತಾರ" ಎಂದರು.

ಇಲ್ಲಿಗೆ ಸರ್ಕಾರಿ ಕಾಗದ ಬಂದರೆ ಮಾವ ಒಡೆಯುತ್ತಾರೆ. ಹಾಗಾಗಿ ವಿಳಾಸ ಕುರುಗೋಡಿನದು ಕೊಟ್ಟಿದ್ದೇನೆ. ನಿನ್ನ ಹೆಸರಿಗೇ ಬರುತ್ತದೆ, ಬಂದದ್ದನ್ನು ಎತ್ತಿಡು.

ಶೆಡ್ಡಿನಲ್ಲಿ ನನ್ನ ಜೊತೆ ರೇಣುಕಾ ಎಂಬ ಹುಡುಗಿ ಇದ್ದಾಳೆ. ಯಾವ ಲಾರಿ ಯಾವ ಗೋದಾಮಿನಿಂದ ಹಳೇ ಮಾಲು ತರುತ್ತದೆ ಎಂದು ಹೇಳಿದ್ದು ಅವಳೇ. ಅವಳ ಹೆಸರು ನಾನು ದೂರಿನಲ್ಲಿ ಬರೆದಿಲ್ಲ. ಅವಳ ಸಂಬಳದಲ್ಲೇ ಮನೆ ನಡೆಯಬೇಕು. ನೀನೂ ಯಾರ ಮುಂದೂ ಬಾಯಿ ಬಿಡಬೇಡ. ನಿನ್ನ ಬಾಯಿ ನನಗೆ ಗೊತ್ತಲ್ಲ, ನಲ್ಲಿಕಟ್ಟೆಯ ಮುಂದೆ ಹೇಳಿದೆಯೋ ಸಂಜೆಗೆ ಸಿರುಗುಪ್ಪ ಮುಟ್ಟುತ್ತದೆ.

ಅನಿತಾ


ಕುರುಗೋಡು
21 ಜುಲೈ 2025

ನನ್ನ ಬಂಗಾರಕ್ಕೆ,

ಸಾಹೇಬರು ಬಂದಿದ್ದರು. ಬಿಳಿ ಜೀಪು ನಮ್ಮ ಓಣಿಗೆ ಹಿಡಿಯಲಿಲ್ಲ, ಕಟ್ಟೆಯ ಹತ್ತಿರ ನಿಲ್ಲಿಸಿ ನಡೆದೇ ಬಂದರು. ಇಬ್ಬರು. ಸಾಹೇಬರು ಕೊರಳಲ್ಲಿದ್ದ ಕಾರ್ಡು ತೋರಿಸಿ, "ಅನಿತಾನ ತಾಯೇರು ನೀವ ಅಲ್ಲೇನ್ರಿ? ದೂರಿನ ಸಲುವಾಗಿ ಬಂದೀವಿ" ಎಂದರು. ಎಷ್ಟು ಮರ್ಯಾದೆಯ ಮಾತು ಅಂತೀಯಾ. ನಮ್ಮ ಇಲಾಖೆಯವರು ಬಂದರೆ ಕೂರುವ ಮೊದಲೇ ಬೈಗುಳ ಶುರು.

ಊಟದ ಹೊತ್ತು. ಬಂದವರನ್ನು ಹಾಗೆ ಕಳಿಸಲಿಕ್ಕಾಗುತ್ತದಾ? ರೊಟ್ಟಿ ಬಡಿದೆ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಪುಡಿ, ಮೊಸರು. ಚಾಪೆ ಮೇಲೆ ಕೂತು ಉಂಡರು. "ನಿಮ್ಮ ಮಗಳು ಭಾಳ ಧೈರ್ಯಸ್ತಿ ಅದಾಳ್ರಿ" ಎಂದಾಗ ನನ್ನ ಕಣ್ಣಲ್ಲಿ ನೀರು ಬಂತು. ನಾನೂ ಎಲ್ಲ ಹೇಳಿದೆ. ಹಿಂದಿನ ಶೆಡ್ಡು, ತಾಡಪತ್ರಿ, ಹುರಿಯುವುದು, ತಾರೀಕು ಒತ್ತುವುದು. ಒಬ್ಬಳೇ ಹುಡುಗಿಯ ಮಾತು ನಿಲ್ಲುವುದಿಲ್ಲ, ಇನ್ನೊಬ್ಬ ಸಾಕ್ಷಿ ಬೇಕು ಎಂದರು. ನಿನ್ನ ಕೇಸು ಬಿದ್ದುಹೋಗಬಾರದಲ್ಲ, ರೇಣುಕಾನ ಹೆಸರು ಹೇಳಿದೆ. ಊರವರ ಮುಂದೆ ತುಟಿ ಬಿಚ್ಚಿಲ್ಲ ನೋಡು. ಇವರು ಸರ್ಕಾರದವರು, ಅದಕ್ಕೆ ಹೇಳಿದೆ.

ಜೊತೆಯಲ್ಲಿದ್ದವನದು ಮಾತು ಕಡಿಮೆ, ನಗು ಜಾಸ್ತಿ. ಗುರುತಿಗೆ ಬೇಕು ಎಂದು ನಿನ್ನ ಫೋಟೋ ಕೇಳಿದ. ದಸರೆಗೆ ಹಸಿರು ಸೀರೆಯಲ್ಲಿ ತೆಗೆಸಿದ್ದು ಕೊಟ್ಟೆ. ಹೊರಗೆ ಹೋಗಿ ಫೋನಿನಲ್ಲಿ ತೆಲುಗಿನಲ್ಲಿ "ದೊರಿಕಿಂದಿ" ಎಂದ. ಸಿಕ್ಕಿತು ಅಂತ. ಫೋಟೋ ಸಿಕ್ಕಿದ್ದನ್ನೇ ಮೇಲಿನವರಿಗೆ ತಿಳಿಸುತ್ತಾನೆ, ಎಷ್ಟು ಜವಾಬ್ದಾರಿ ಎಂದುಕೊಂಡೆ.

ಇನ್ನು ನೀನು ನೆಮ್ಮದಿಯಿಂದಿರು. ಸರ್ಕಾರ ನಮ್ಮ ಮನೆ ಬಾಗಿಲಿಗೆ ಬಂದಿದೆ.

ನಿನ್ನವ್ವ
ಊರಮ್ಮ


ಬಳ್ಳಾರಿ
28 ಜುಲೈ 2025

ಅವ್ವ,

ನಿನ್ನ ಕಾಗದ ಬರುವುದಕ್ಕೆ ಮೊದಲೇ ನನಗೆ ಎಲ್ಲ ತಿಳಿದಿತ್ತು. ಮಾರೇಶ್ ನನ್ನನ್ನು ಒಳಗೆ ಕರೆದಾಗ ಅವನ ಟೇಬಲ್ಲಿನ ಗಾಜಿನ ಕೆಳಗೆ ನನ್ನ ಹಸಿರು ಸೀರೆಯ ಫೋಟೋ ಇತ್ತು. ನಿನ್ನ ಮನೆಯಲ್ಲಿ ಉಂಡು, ನಕ್ಕು, ಫೋಟೋ ಇಸಕೊಂಡು ಬಂದವನು ಅವನೇ. "ನಿಮ್ಮವ್ವ ರೊಟ್ಟಿ ಛಲೋ ಮಾಡ್ತಾಳ" ಎಂದ.

ಮಾಲೀಕ ದೊಡ್ಡಬಸವರಾಜ ಎಲ್ಲ ಹೆಂಗಸರನ್ನೂ ಅಂಗಳದಲ್ಲಿ ಸೇರಿಸಿ ನನ್ನನ್ನೂ ರೇಣುಕಾಳನ್ನೂ ಮುಂದೆ ನಿಲ್ಲಿಸಿದ. "ಈ ಇಬ್ರು ಸೇರಿ ನಿಮ್ಮೆಲ್ಲರ ಹೊಟ್ಟಿ ಮ್ಯಾಲೆ ಹೊಡಿಯಾಕ ಹೊಂಟಾರ. ಘಟಕ ಮುಚ್ಚಿದ್ರ ಇವ್ರನ್ನ ಕೇಳ್ರಿ" ಎಂದ. ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಉಂಡವರು ನನ್ನ ಮುಖಕ್ಕೆ ಉಗಿದರು. ರೇಣುಕಾ ಅಳಲಿಲ್ಲ. "ನನ್ನ ಹೆಸರು ಯಾಕ ಹೇಳಿದಿ?" ಎಂದು ಒಂದೇ ಸಲ ಕೇಳಿದಳು. ಹೇಳಿದ್ದು ನಾನಲ್ಲ, ನಮ್ಮವ್ವ ಎಂದು ನನ್ನ ಬಾಯಿಂದ ಬರಲಿಲ್ಲ.

ಇಬ್ಬರನ್ನೂ ಅವತ್ತೇ ಕೆಲಸದಿಂದ ತೆಗೆದರು, ಮನೆಗೆ ಹೋದರೆ ಅತ್ತೆ ನನ್ನ ಬ್ಯಾಗನ್ನೂ ಆಗಷ್ಟೇ ಬಂದಿದ್ದ ನಿನ್ನ ಕಾಗದವನ್ನೂ ಹೊರಗಿಟ್ಟಿದ್ದರು. ಈಗ ಬಳ್ಳಾರಿಯಲ್ಲಿದ್ದೇನೆ, ಒಂದು ಜೀನ್ಸ್ ಘಟಕದಲ್ಲಿ ದಾರ ಕತ್ತರಿಸುವ ಕೆಲಸ ಸಿಕ್ಕಿದೆ. ಫೋನ್ ಮಾಡಬೇಡ, ವಿಳಾಸ ಹಿಂದೆ ಬರೆದಿದ್ದೇನೆ.

ಕಾರ್ಡು ತೋರಿಸಿದವನು ಯಾವನೋ ನಕಲಿ ಸಾಹೇಬ. ಕೊರಳಿಗೆ ದಾರ ಹಾಕಿಕೊಂಡವರೆಲ್ಲ ಸರ್ಕಾರವಾ? ಯಾರಿಗೂ ಹೇಳಬೇಡ ಎಂದು ಕಾಗದದಲ್ಲಿ ಬರೆದಿದ್ದೆ. ನೀನು ಉಣ್ಣಲಿಕ್ಕಿಟ್ಟು ಹೇಳಿದೆ.

ಅನಿತಾ


ಕುರುಗೋಡು
4 ಆಗಸ್ಟ್ 2025

ಅನಿತಾ,

ಅವರು ಕೂತಿದ್ದ ಚಾಪೆಯನ್ನು ಸುಟ್ಟುಹಾಕಿದೆ. ಅದರಿಂದ ಏನಾಯಿತು, ಏನೂ ಆಗಲಿಲ್ಲ.

ನನ್ನ ನಾಲಿಗೆ ನಿನ್ನನ್ನು ಬೀದಿಗೆ ಹಾಕಿತು. ಬೈಯುವುದಿದ್ದರೆ ಬೈ, ಆದರೆ ಕಾಗದ ಬರೆ. ನೀನು ಬರೆಯದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ. ರೇಣುಕಾನ ಮನೆ ಎಲ್ಲಿ ಎಂದು ತಿಳಿಸು, ಹೋಗಿ ಅವಳ ಕಾಲು ಹಿಡಿಯುತ್ತೇನೆ.

ಅವ್ವ


ಬಳ್ಳಾರಿ
1 ಸೆಪ್ಟೆಂಬರ್ 2025

ಅವ್ವ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ಸಿಟ್ಟು ಬರುತ್ತಿತ್ತು. ರೇಣುಕಾನ ಮನೆಗೆ ನೀನು ಹೋಗಬೇಡ. ಅವಳು ನನ್ನನ್ನೇ ಒಳಗೆ ಕರೆಯಲಿಲ್ಲ.

ಕೋರ್ಟಿನ ಹತ್ತಿರ ಜ್ಯೋತಿಲಕ್ಷ್ಮಿ ಎಂಬ ವಕೀಲರಿದ್ದಾರೆ, ಫೀಜು ಕೇಳದೆ ಮಾತಾಡಿದರು. ನನ್ನಂತೆ ದೂರು ಕೊಟ್ಟವರನ್ನು ಕಾಪಾಡಲೆಂದೇ ಒಂದು ಕಾಯ್ದೆ ಇದೆಯಂತೆ. 2014ರಲ್ಲೇ ದೆಹಲಿಯಲ್ಲಿ ಪಾಸಾಗಿದೆ, ರಾಷ್ಟ್ರಪತಿಗಳ ಸಹಿಯೂ ಬಿದ್ದಿದೆ. ದೂರು ಕೊಟ್ಟವರ ಹೆಸರು ಬಯಲು ಮಾಡಿದವರಿಗೆ ಜೈಲು ಎಂದು ಅದರಲ್ಲಿ ಬರೆದಿದೆ. ನನಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ನಾಳೆಯೇ ಹಾಕೋಣ ಮೇಡಂ ಎಂದೆ.

ಅವರು ಕನ್ನಡಕ ತೆಗೆದಿಟ್ಟು, "ತಂಗಿ, ಕಾಯ್ದಿ ಐತಿ, ಜಾರಿ ಆಗಿಲ್ಲ" ಎಂದರು. ಯಾವ ದಿನದಿಂದ ಜಾರಿ ಎಂದು ಸರ್ಕಾರ ಒಂದು ಸಾಲು ಹೊರಡಿಸಬೇಕಂತೆ. ಆ ಸಾಲು ಇವತ್ತಿನವರೆಗೆ ಹೊರಟಿಲ್ಲ. ಜಾರಿಯಾದರೂ ಅದು ಸರ್ಕಾರಿ ನೌಕರರ ತಪ್ಪಿನ ಮೇಲಿನ ದೂರುಗಳಿಗೆ, ಖಾಸಗಿ ಮಾಲೀಕನ ಮೇಲೆ ಎಷ್ಟು ನಡೆಯುತ್ತದೋ ಹೇಳಲಾಗದು ಎಂದರು. ಅವ್ವ, ನಾನು ಶಾಲೆಯಲ್ಲಿದ್ದಾಗ ಪಾಸಾದ ಕಾಯ್ದೆ. ನಾನು ಡಿಗ್ರಿ ಮುಗಿಸಿದೆ, ಕೆಲಸಕ್ಕೆ ಸೇರಿದೆ, ಕೆಲಸ ಕಳಕೊಂಡೆ. ಅದು ಇನ್ನೂ ಹಾಗೇ ಇದೆ. ಕೇಳಿ ನಾನು ಅಲ್ಲೇ ನಕ್ಕುಬಿಟ್ಟೆ, ನಗು ನಿಲ್ಲಲಿಲ್ಲ. ಅವರೇ ನೀರು ತರಿಸಿ ಕೊಟ್ಟರು.

ಕೆಲಸದಿಂದ ತೆಗೆದದ್ದಕ್ಕೆ ಕಾರ್ಮಿಕ ಇಲಾಖೆಯಲ್ಲಿ ಬೇರೆ ದಾರಿ ಇದೆಯಂತೆ, ನಿಧಾನದ ದಾರಿ. ಆದರೆ ಸಾಹೇಬನೆಂದು ಸುಳ್ಳು ಹೇಳಿ ಮನೆಗೆ ಬಂದದ್ದು ಪೊಲೀಸ್ ಕೇಸು. ನಮ್ಮ ಹೆಸರಿನಲ್ಲಿ ಯಾರೋ ನಕಲಿ ಬಂದಿದ್ದಾನೆ ಎಂದು ಆ ಕಚೇರಿಯವರಿಗೆ ತಿಳಿದರೆ ಅವರೇ ನಮ್ಮ ಪರ ನಿಲ್ಲುತ್ತಾರೆ ಎನ್ನುತ್ತಾರೆ ವಕೀಲರು. ಅವನನ್ನು ನೋಡಿದವಳು ನೀನೊಬ್ಬಳೇ. ಒಂದು ದಿನ ರಜೆ ಹಾಕಿ ಬಂದು ಕಚೇರಿಯಲ್ಲಿ ಹೇಳುತ್ತೀಯಾ?

ಅನಿತಾ


ಕುರುಗೋಡು
12 ಸೆಪ್ಟೆಂಬರ್ 2025

ಅನಿತಾ,

ನಿನ್ನೆ ಬಳ್ಳಾರಿಗೆ ಬಂದಿದ್ದೆ. ನಿನ್ನನ್ನು ನೋಡದೆ ವಾಪಸ್ ಬಂದೆ, ಸಿಟ್ಟಾಗಬೇಡ. ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕಚೇರಿಯಲ್ಲಿ ಪ್ಯೂನ್ ಹುಲುಗೇಶ್ ಒಳ್ಳೆಯವನು, ನಮ್ಮ ಕಡೆಯವನೇ. "ಕುಂದರ್ರಿ ಅಮ್ಮ, ಸಾಹೇಬ್ರು ಕರೀತಾರ" ಎಂದ. ಬೆಂಚಿನ ಮೇಲೆ ಕೂತು ಏನು ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆದೆ. ನಕಲಿ ಮನುಷ್ಯ, ಎತ್ತರ ಇಷ್ಟು, ಬಣ್ಣ ಇಂಥದು, ಮೀಸೆ ಹೀಗೆ. ಕರೆದರು. ಒಳಗೆ ಹೋದೆ.

ಕುರ್ಚಿಯಲ್ಲಿ ಅವನೇ ಕೂತಿದ್ದ.

ಅದೇ ಮೀಸೆ, ಅದೇ ಕಾರ್ಡು. ಹಿಂದೆ ಗೋಡೆಯ ಮೇಲೆ ಅವನ ಹೆಸರಿನ ಬೋರ್ಡು. ಅವನು ನಕಲಿಯಲ್ಲ ಅನಿತಾ. ನಿನ್ನ ದೂರು ಯಾರ ಕೈ ಸೇರಬೇಕಿತ್ತೋ ಅವನೇ ಅವನು. ಓದಿ, ಮ್ಯಾನೇಜರನನ್ನು ಜೀಪಿನಲ್ಲಿ ಕೂರಿಸಿಕೊಂಡು ನಮ್ಮ ಮನೆಗೆ ಬಂದಿದ್ದ.

"ಬರ್ರಿ ತಾಯಿ, ಕುಂದರ್ರಿ" ಎಂದ. ಅದೇ ಮರ್ಯಾದೆ. ನಾನು ಕೂರಲಿಲ್ಲ. "ನೀವು ಅಂಗನವಾಡ್ಯಾಗ ಸಹಾಯಕಿ ಅಲ್ಲೇನ್ರಿ? ಇಷ್ಟ ವರ್ಷ ಮಾಡೀರಿ, ನಿವೃತ್ತಿ ಹತ್ರ ಬಂದೈತಿ. ಮಗಳಿಗೆ ನಾಕು ಬುದ್ಧಿ ಮಾತು ಹೇಳ್ರಿ" ಎಂದ. ಉರು ಹೊಡೆದ ಒಂದು ಮಾತೂ ನೆನಪಾಗಲಿಲ್ಲ. ಹೂಂ ಎಂದು ಹೊರಗೆ ಬಂದೆ. ಹೂಂ ಎಂದೆ ಕಣೇ. ಬಸ್ಸಿನಲ್ಲಿ ಕೂತ ಮೇಲೆ ಅದು ನನಗೆ ಗೊತ್ತಾಯಿತು.

ಇನ್ನು ಯಾರ ಹತ್ತಿರ ಹೋಗುವುದು?

ಅವ್ವ


ಬಳ್ಳಾರಿ
19 ಸೆಪ್ಟೆಂಬರ್ 2025

ಅವ್ವ,

ಆ ಸಾಹೇಬ ನನ್ನನ್ನೂ ಕರೆಸಿದ್ದ. ನಾನು ಸುಳ್ಳು ಮಾಹಿತಿಯಿಂದ ದೂರು ಕೊಟ್ಟಿದ್ದೆ, ವಾಪಸ್ ಪಡೆಯುತ್ತಿದ್ದೇನೆ ಎಂದು ಟೈಪು ಮಾಡಿ ಇಟ್ಟಿದ್ದರು. "ಸಹಿ ಮಾಡಿದ್ರ ನಿಮ್ಮವ್ವನ ಕೆಲಸಕ್ಕ ಏನೂ ಆಗಂಗಿಲ್ಲ" ಎಂದ.

ಮಾಡಿದೆ. ಈ ವಿಷಯ ಇನ್ನು ನಮ್ಮಿಬ್ಬರಲ್ಲಿ ಬೇಡ. ನೀನು ಕೆಲಸಕ್ಕೆ ಹೋಗು.

ಅನಿತಾ


ಕುರುಗೋಡು
10 ಅಕ್ಟೋಬರ್ 2025

ನನ್ನ ಅನಿತಾಗೆ,

ಸಾವಕಾಶವಾಗಿ ಕೂತು ಓದು. ಈ ವಿಷಯ ಬೇಡ ಎಂದು ನೀನು ಬರೆದಿದ್ದೆ, ನಾನು ಕೇಳಲಿಲ್ಲ.

ನಿನ್ನ ಕಾಗದ ಓದಿದ ದಿನ ನಾನು ಉಣ್ಣಲಿಲ್ಲ. ನನಗಾಗಿ ನೀನು ಸುಳ್ಳಿನ ಕೆಳಗೆ ಸಹಿ ಹಾಕಿದೆ. ಮಾರನೆಯ ದಿನ ಅಂಗನವಾಡಿಗೆ ಹೋದರೆ ಹೊಸ ಚೀಲ ಬಂದಿತ್ತು. ತಾರೀಕು ಹೊಸದು, ವಾಸನೆ ಅದೇ. ಎಲ್ಲ ಮೊದಲಿನಂತೆ ನಡೆದಿತ್ತು, ನಿಮ್ಮಿಬ್ಬರ ಕೆಲಸ ಹೋಗಿತ್ತು ಅಷ್ಟೇ.

ಮೊನ್ನೆ ಬಳ್ಳಾರಿಯಲ್ಲಿ ಜನರ ಅಹವಾಲು ಕೇಳುವ ಸಭೆ ಇತ್ತು. ಆ ಸಾಹೇಬನಿಗಿಂತ ಮೇಲಿನ ಅಧಿಕಾರಿ ಮೇಡಂ ಬರುತ್ತಾರೆ ಎಂದು ಪೇಪರಿನಲ್ಲಿ ಓದಿ ಹೋದೆ. ಚೀಲದಲ್ಲಿ ಒಡೆಯದ ಪಾಕೀಟುಗಳನ್ನು ಹಾಕಿಕೊಂಡಿದ್ದೆ. ಸಭೆ ತುಂಬ ಜನ, ಮುಂದಿನ ಸಾಲಿನಲ್ಲಿ ಅಧಿಕಾರಿಗಳು. ಅವನೂ ಇದ್ದ. ನನ್ನನ್ನು ನೋಡಿ ತಲೆಯಾಡಿಸಿದ. ಈ ಸಲ ನಾನು ಏನೂ ಉರು ಹೊಡೆದಿರಲಿಲ್ಲ.

ಮೈಕು ಕೈಗೆ ಬಂತು. ಹೆಸರು, ಊರು, ಕೆಲಸ ಹೇಳಿದೆ. ಪುಡಿಯ ಕಥೆ ಹೇಳಿದೆ. ಗುಟ್ಟಿನ ದೂರು ಓದಿದ ಸಾಹೇಬರು ಫ್ಯಾಕ್ಟರಿ ಮ್ಯಾನೇಜರನ ಜೊತೆ ನಮ್ಮ ಮನೆಗೆ ಬಂದು ಉಂಡು ಹೋದದ್ದು ಹೇಳಿದೆ, ಬೆರಳು ಮಾಡಿ ತೋರಿಸಿದೆ. ಸಭೆಯಲ್ಲಿ ಗದ್ದಲವಾಯಿತು. ಅವನು ಎದ್ದು, "ಮೇಡಂ, ಇವ್ರ ಮಗಳು ದೂರು ವಾಪಸ್ ತಗೊಂಡಾಳ್ರಿ. ಪುಡ್ಯಾಗ ಏನೂ ದೋಷ ಇಲ್ಲ" ಎಂದ.

ನಮ್ಮಲ್ಲಿ ಒಂದು ನಿಯಮ ಇದೆ. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರೊಬ್ಬರು ರುಚಿ ನೋಡಬೇಕು. ಗೋಡೆಯ ಮೇಲೆ ಬರೆದು ಹಾಕಿದ್ದಾರೆ, ನಾನು ದಿನಾ ಮಾಡುವ ಕೆಲಸ. ಮುಂದೆ ಹೋಗಿ ಅವನ ಎದುರೇ ಪಾಕೀಟು ಒಡೆದೆ. "ದೋಷ ಇಲ್ಲಂದ್ರ ರುಚಿ ನೋಡ್ರಿ ಸಾಹೇಬ್ರ. ನಿಯಮ ನಿಮ್ದ ಐತ್ರಿ" ಎಂದೆ. ಪುಡಿಯಲ್ಲಿ ಎಳೆ ಜೋತಾಡುತ್ತಿತ್ತು, ಮುಂದಿನ ಸಾಲಿನವರಿಗೆಲ್ಲ ಕಾಣುತ್ತಿತ್ತು.

ಅವನು ತಿಂದ, ಅನಿತಾ.

ಚಿಟಿಕೆಯಲ್ಲ, ಹಿಡಿ ತುಂಬ ತೆಗೆದು ಬಾಯಿಗೆ ಹಾಕಿ, ಎಲ್ಲರ ಎದುರು ಅಗಿದು ನುಂಗಿದ. "ಛಲೋ ಐತ್ರಿ" ಎಂದ. ತಪ್ಪು ಒಪ್ಪುವುದಕ್ಕಿಂತ ಹುಳ ತಿನ್ನುವುದು ಸುಲಭವಾಯಿತು ಅವನಿಗೆ.

ಆಮೇಲೆ ಉಳಿದ ಪಾಕೀಟನ್ನು ಅವನ ಕಡೆ ಚಾಚಿದೆ. "ಛಲೋ ಇದ್ರ ಮನಿಗೆ ಒಯ್ರಿ. ನಿಮ್ಮ ಮನಿ ಕೂಸಿಗೆ ಉಂಡಿ ಕಟ್ಟಿ ಕೊಡ್ರಿ" ಎಂದೆ. ಅವನ ಕೈ ಮುಂದೆ ಬರಲಿಲ್ಲ. ನಾನು ಚಾಚಿಕೊಂಡೇ ನಿಂತೆ. ಇಡೀ ಸಭೆ ಆ ಕೈಯನ್ನೇ ನೋಡುತ್ತಿತ್ತು. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. ಮೇಡಂ ಪಾಕೀಟನ್ನು ನನ್ನಿಂದ ಇಸಕೊಂಡು ತಮ್ಮ ಮುಂದೆ ಇಟ್ಟುಕೊಂಡರು.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗಿ ಎದ್ದು, "ನಾನೂ ಹೇಳೋದೈತ್ರಿ. ಆ ಶೆಡ್ನ್ಯಾಗ ನಾನೂ ಇದ್ದೆ" ಎಂದಳು. ರೇಣುಕಾ ಅಂತೆ. ನಾನು ಹೆಸರು ಹೇಳಿ ಕೆಡಿಸಿದ ಹುಡುಗಿಯ ಮುಖವನ್ನು ಅವತ್ತೇ ಮೊದಲು ನೋಡಿದ್ದು. ಹೊರಗೆ ಬಂದ ಮೇಲೆ ಕಾಲು ಹಿಡಿಯಲು ಹೋದೆ, ಹಿಡಿಸಿಕೊಳ್ಳಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆದು ಬಂದಳು.

ಪುಡಿಯನ್ನು ಪರೀಕ್ಷೆಗೆ ಕಳಿಸಿದ್ದಾರೆ. ಏನು ಬರುತ್ತದೋ, ಬರುವುದೋ ಇಲ್ಲವೋ ಗೊತ್ತಿಲ್ಲ. ಅವನು ಇನ್ನೂ ಅದೇ ಕುರ್ಚಿಯಲ್ಲಿದ್ದಾನಂತೆ.

ನನ್ನನ್ನು ನಿನ್ನೆ ಕೆಲಸದಿಂದ ತೆಗೆದರು. ಮೇಲಿನಿಂದ ಬಂದ ಆದೇಶವನ್ನು ಓದಿ ಹೇಳುವಾಗ ಕೊಟ್ರಬಸಮ್ಮ ಟೀಚರ್ ಬಿಕ್ಕಿ ಬಿಕ್ಕಿ ಅತ್ತರು. ನಾನೇ ಸಮಾಧಾನ ಮಾಡಿದೆ. ಮಕ್ಕಳು ಸೆರಗು ಹಿಡಿದು ನಾಳೆ ಬರ್ತೀಯಾ ಎಂದಾಗ ಮಾತ್ರ ತಡೆಯಲಾಗಲಿಲ್ಲ.

ಸಭೆಯಲ್ಲಿ ಬರೆದುಕೊಂಡ ಹೊಸ ದೂರು ನನ್ನ ಹೆಸರಿನಲ್ಲಿದೆ. ಅದನ್ನು ಯಾರೂ ಗುಟ್ಟಾಗಿ ಇಡಬೇಕಾಗಿಲ್ಲ. ನಿನ್ನಿಂದ ಸಹಿ ಹಾಕಿಸಿಕೊಳ್ಳಲು ಅವರ ಕೈಯಲ್ಲಿ ನನ್ನ ಕೆಲಸ ಇತ್ತು. ಈಗ ಅದನ್ನು ಅವರೇ ಕಿತ್ತುಕೊಂಡಿದ್ದಾರೆ. ಇನ್ನು ನನ್ನ ದೂರು ವಾಪಸ್ ತಗೋ ಎನ್ನಲು ಏನನ್ನು ತೋರಿಸಿ ಹೆದರಿಸುತ್ತಾರೋ ನೋಡೋಣ.

ನಿನ್ನವ್ವ
ಊರಮ್ಮ